ಯಾರು ಬದುಕಿ ಉಳಿದರು ಎಂಬುದನ್ನು ಚಿತ್ರ ಯಾವಾಗ ಹೇಳುತ್ತದೆ? ಏಡ್ಸ್ ಸಾಕ್ಷ್ಯಚಿತ್ರದ ಕುರಿತ ಪ್ರಶ್ನೆಗೆ ಉತ್ತರ

ನಮಸ್ಕಾರ ಮೇಡಂ. ನಿಮ್ಮ ಊರಿನ ಚಿತ್ರಸಮಾಜದಲ್ಲಿ 'ಹೌ ಟು ಸರ್ವೈವ್ ಎ ಪ್ಲೇಗ್' ಸಾಕ್ಷ್ಯಚಿತ್ರದ ಪ್ರದರ್ಶನವಿದೆ, ಆ ದಿನ ಇಪ್ಪತ್ತು ನಿಮಿಷ ಮಾತನಾಡಬೇಕಾಗಿದೆ, ಚಿತ್ರವು ನೋಡುಗರ ಮನವೊಲಿಸುವ ಬಗೆಯನ್ನು ಕುರಿತು ನಾಲ್ಕು ಪುಟ ಬರೆದರೂ ಅದು ಕಥಾಸಾರವಾಗಿಯೇ ಉಳಿಯಿತು, ಎಲ್ಲಿ ತಪ್ಪಿದೆ ಎಂದು ಕೇಳಿದ್ದೀರಿ. ನೀವು ಹಾಕಿದ ಪುಟಗಳನ್ನು ಎರಡು ಸಲ ಓದಿದೆ. ನಿಮ್ಮ ಗ್ರಹಿಕೆ ಚೆನ್ನಾಗಿದೆ. ಅದನ್ನು ತುಂಬಿಟ್ಟ ಡಬ್ಬಿಗಳು ಸರಿಯಾಗಿಲ್ಲ. ಉತ್ತರ ಉದ್ದವಾಗಿದೆ, ಚಿತ್ರದ ಕೊನೆಯನ್ನೂ ಇದರಲ್ಲಿ ಹೇಳಿಬಿಡುತ್ತೇನೆ, ಆದ್ದರಿಂದ ಗುಂಪಿನಲ್ಲಿ ಇನ್ನೂ ಚಿತ್ರ ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಉಳಿದವರಿಗಾಗಿ ಹಿನ್ನೆಲೆ ಎರಡು ಮಾತಿನಲ್ಲಿ. ಇದು 2012ರ ಅಮೆರಿಕನ್ ಚಿತ್ರ. ನಿರ್ದೇಶಕ ಡೇವಿಡ್ ಫ್ರಾನ್ಸ್ ಮೂಲತಃ ಪತ್ರಕರ್ತ, ಏಡ್ಸ್ ಬಗ್ಗೆ ಆ ಕಾಲದಲ್ಲಿಯೇ ವರದಿ ಮಾಡಿದವರು. 1987ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ 'ಆಕ್ಟ್ ಅಪ್' ಎಂಬ, ಏಡ್ಸ್ ಚಿಕಿತ್ಸೆಗಾಗಿ ಹೋರಾಡುವ ಗುಂಪು ಹುಟ್ಟಿತು. ಅದೇ ತಿಂಗಳು ಎಝಡ್‌ಟಿ ಎಂಬ, ಏಡ್ಸ್ ವಿರುದ್ಧದ ಮೊದಲ ಔಷಧಿಗೆ ಅನುಮತಿ ಸಿಕ್ಕಿತು, ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್. ಅಲ್ಲಿಂದ 1996ರಲ್ಲಿ ವೈರಾಣು ಹೆಚ್ಚುವುದನ್ನು ತಡೆಯುವ ಪ್ರೋಟಿಯೇಸ್ ಪ್ರತಿರೋಧಕಗಳನ್ನು ಒಳಗೊಂಡ ಔಷಧಿಗಳ ಸಂಯೋಜನೆ ಜೀವ ಉಳಿಸತೊಡಗುವವರೆಗಿನ ಕಾಲವನ್ನು, ಬಹುಪಾಲು ಆ ಹೋರಾಟಗಾರರೇ ಹ್ಯಾಂಡಿಕ್ಯಾಮ್‌ಗಳಲ್ಲಿ ಹಿಡಿದಿಟ್ಟ ದೃಶ್ಯಗಳಿಂದ ಚಿತ್ರ ಕಟ್ಟಿಕೊಡುತ್ತದೆ.

ನೀವು ಎಥೋಸ್ (ವಿಶ್ವಾಸಾರ್ಹತೆ), ಪೇಥೋಸ್ (ಭಾವ), ಲೋಗೋಸ್ (ತರ್ಕ) ಎಂಬ ಮೂರು ತಲೆಬರಹ ಹಾಕಿಕೊಂಡು, ವಿಜ್ಞಾನಿಗಳ ಮಾತನ್ನು ಮೊದಲನೆಯದರ ಕೆಳಗೆ, ಕಣ್ಣೀರನ್ನು ಎರಡನೆಯದರ ಕೆಳಗೆ, ಅಂಕಿಅಂಶಗಳನ್ನು ಮೂರನೆಯದರ ಕೆಳಗೆ ಹಂಚಿದ್ದೀರಿ. ಕಾಲೇಜಿನ ಪಾಠದಲ್ಲಿ ಹೀಗೆಯೇ ಹೇಳಿಕೊಡುತ್ತಾರೆ, ನಾನೂ ಹೀಗೆಯೇ ಕಲಿತವನು. ಆದರೆ ಈ ಚಿತ್ರದಲ್ಲಿ ಒಂದೇ ದೃಶ್ಯ ಮೂರೂ ಕೆಲಸಗಳನ್ನು ಒಟ್ಟಿಗೆ ಮಾಡುವುದರಿಂದ ಹಂಚಿದ ಕೂಡಲೇ ಅದರ ಕಸುವು ಸೋರಿಹೋಗುತ್ತದೆ. ವಿಶ್ವಾಸಾರ್ಹತೆಯನ್ನೇ ನೋಡಿ. ನಾವು ನಂಬುವುದು ತಜ್ಞರು ಹೇಳಿದರೆಂಬ ಕಾರಣಕ್ಕೆ ಅಷ್ಟಾಗಿ ಅಲ್ಲ. ಬಣ್ಣ ಕಲಸಿದ ಆ ಟೇಪು, ನೂಕುನುಗ್ಗಲಿಗೆ ಅಲುಗುವ ಚೌಕಟ್ಟು ಮತ್ತು ಅಸ್ಪಷ್ಟ ಧ್ವನಿ ಸೇರಿ 'ಇದನ್ನು ಹಿಡಿದವನು ಅಲ್ಲೇ ಇದ್ದ' ಎಂಬ ಭರವಸೆ ಕೊಡುವುದರಿಂದ. ಅದರ ಜೊತೆಗೇ ಇನ್ನೊಂದು ಸಂಗತಿಯನ್ನು ಗುರುತಿಸಬೇಕು: ಆ ಕ್ಯಾಮೆರಾ ಪೊಲೀಸರ ಸಾಲಿನ ಈಚೆ, ಹೋರಾಟಗಾರರ ಮಗ್ಗುಲಲ್ಲೇ ನಿಂತಿರುತ್ತದೆ. ನಮ್ಮನ್ನು ಯಾರೂ ಪಕ್ಷ ವಹಿಸಿ ಎಂದು ಕೇಳುವುದಿಲ್ಲ, ಆದರೆ ಕುರ್ಚಿಯನ್ನು ಆ ಪಕ್ಷದಲ್ಲೇ ಹಾಕಿರುತ್ತಾರೆ.

ಆದ್ದರಿಂದ ಮೂರು ತಲೆಬರಹಗಳನ್ನು ತೆಗೆದು ಒಂದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ: ಚಿತ್ರಕ್ಕೆ ಮೊದಲೇ ಗೊತ್ತಿದ್ದ ಯಾವ ಸಂಗತಿಯನ್ನು ಅದು ನಮ್ಮಿಂದ ಎಷ್ಟು ಹೊತ್ತು ಮುಚ್ಚಿಡುತ್ತದೆ, ಏಕೆ? ಈ ಚಿತ್ರದ ಬೀಗದ ಕೈ ಇದೇ ಎಂದು ನನ್ನ ಅಭಿಪ್ರಾಯ. ಬಾಂಡ್ ವ್ಯಾಪಾರದ ಕೆಲಸದಲ್ಲಿದ್ದ ಪೀಟರ್ ಸ್ಟೇಲಿ, ಔಷಧ ಸಂಶೋಧನೆಯ ಪದಗಳಿಗೆ ಅರ್ಥಕೋಶವನ್ನೇ ಬರೆದ ಮಾರ್ಕ್ ಹ್ಯಾರಿಂಗ್ಟನ್, ಇನ್ನೂ ಹುಡುಗನಂತೆ ಕಾಣುವ ಸ್ಪೆನ್ಸರ್ ಕಾಕ್ಸ್, ಮನೆಯ ವಿಡಿಯೊಗಳಲ್ಲಿ ಪುಟ್ಟ ಮಗಳೊಂದಿಗೆ ಕಾಣಿಸುವ ಬಾಬ್ ರಾಫ್ಸ್ಕಿ, ಇವರೆಲ್ಲ ಹಳೆಯ ಟೇಪಿನಲ್ಲಿ ಅಂದಿನ ವಯಸ್ಸಿನಲ್ಲೇ ಓಡಾಡುತ್ತಲೇ ಇರುತ್ತಾರೆ. ಸಾಮಾನ್ಯ ಸಾಕ್ಷ್ಯಚಿತ್ರವಾಗಿದ್ದರೆ ಐದನೆಯ ನಿಮಿಷಕ್ಕೇ ಸ್ಟೇಲಿಯನ್ನು ನರೆತ ತಲೆಯೊಂದಿಗೆ ಸೋಫಾದಲ್ಲಿ ಕೂರಿಸಿ 'ಆಗ ನಾವು...' ಎಂದು ಮಾತು ತೆಗೆಸುತ್ತಿದ್ದರು, ಮತ್ತು ಆ ಕ್ಷಣವೇ ಅವನು ಸಾಯುವುದಿಲ್ಲವೆಂದು ನಮಗೆ ತಿಳಿದುಹೋಗುತ್ತಿತ್ತು. ಫ್ರಾನ್ಸ್ ಹಾಗೆ ಮಾಡುವುದಿಲ್ಲ. ಕೆಲವರು ಈಗಿನ ಮುಖದಲ್ಲಿ ನಡುನಡುವೆ ಬಂದು ಮಾತನಾಡುತ್ತಾರಾದರೂ, ಸೋಂಕು ತಗುಲಿದ ಮುಖ್ಯ ವ್ಯಕ್ತಿಗಳ ಇಂದಿನ ಮುಖವನ್ನು ಕೊನೆಯವರೆಗೆ ತೆಗೆದಿರಿಸುತ್ತಾರೆ. ಪರಿಣಾಮವಾಗಿ ನಾವು ಪ್ರತಿ ಸಭೆಯಲ್ಲೂ ಮುಖಗಳನ್ನು ಎಣಿಸತೊಡಗುತ್ತೇವೆ: ಇವನು ಸೊರಗಿದನೇ, ಅವನು ಹಿಂದಿನ ದೃಶ್ಯದಲ್ಲಿ ಇದ್ದನಲ್ಲವೇ? ಆ ವರ್ಷಗಳಲ್ಲಿ ಆ ಕೋಣೆಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದುದೇ ಹೀಗೆ. ಅವರ ಅನಿಶ್ಚಿತತೆಯನ್ನು ಮಾತಿನಲ್ಲಿ ವಿವರಿಸುವ ಬದಲು ನಮ್ಮೊಳಗೇ ಹುಟ್ಟಿಸುವ ತಂತ್ರವಿದು. ರಾಫ್ಸ್ಕಿ 1993ರಲ್ಲಿ ತೀರಿಕೊಳ್ಳುತ್ತಾರೆ. ಕೊನೆಗೆ ಸ್ಟೇಲಿ, ಹ್ಯಾರಿಂಗ್ಟನ್, ಕಾಕ್ಸ್ ಮೊದಲಾದವರು ನಡುವಯಸ್ಸಿನ ಮುಖಗಳಲ್ಲಿ ಒಬ್ಬೊಬ್ಬರಾಗಿ ಪರದೆಗೆ ಬಂದಾಗ ಕಣ್ಣು ತುಂಬಿಬಂತೆಂದು ನೀವು ಬರೆದಿದ್ದೀರಲ್ಲ, ಆ ಕಣ್ಣೀರಿನ ಸಾಲವನ್ನು ಚಿತ್ರ ಅಷ್ಟೂ ಹೊತ್ತು ಬಡ್ಡಿ ಕಟ್ಟಿ ಕೂಡಿಡುತ್ತಿತ್ತು. ಕಾಕ್ಸ್ ಚಿತ್ರ ಬಿಡುಗಡೆಯಾದ ವರ್ಷದ ಡಿಸೆಂಬರಿನಲ್ಲಿಯೇ ತೀರಿಕೊಂಡರೆಂಬುದು ಚಿತ್ರದ ಹೊರಗಿನ ಸಂಗತಿ, ಆದರೂ ಅದನ್ನು ತಿಳಿದು ನೋಡುವವರಿಗೆ ಆ ಕೊನೆಯ ಭಾಗ ಬೇರೆಯೇ ಆಗುತ್ತದೆ.

ಸಾವಿನ ಲೆಕ್ಕದ ಫಲಕದ ಬಗ್ಗೆ ನೀವು 'ಅಂಕಿಅಂಶಗಳ ಮೂಲಕ ಗಂಭೀರತೆ ತಿಳಿಸುತ್ತದೆ' ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಬೇಕಿತ್ತು. ವರ್ಷ ಬದಲಾದಂತೆ ಪರದೆಯಲ್ಲಿ ಏರುವ ಆ ಸಂಖ್ಯೆ ಇಡೀ ಜಗತ್ತಿನದು. ಕಥೆ ಮಾತ್ರ ನ್ಯೂಯಾರ್ಕಿನ ಒಂದು ಗುಂಪಿನದು. ಸಂಖ್ಯೆ ಏರಿದಾಗ ನಮ್ಮ ಮನಸ್ಸು ಅದನ್ನು ಕಣ್ಣೆದುರಿನ ಮುಖಗಳಿಗೇ ಜೋಡಿಸುತ್ತದೆ, ಆ ಲೆಕ್ಕದಲ್ಲಿ ಸೇರಿದ ಆಫ್ರಿಕಾದ ಸಾವುಗಳಿಗೆ ಚಿತ್ರದಲ್ಲಿ ಮುಖವಿಲ್ಲ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ, ಆದರೆ ಜೋಡಣೆಯಿಂದ ಹುಟ್ಟುವ ಇಂಥ ಅರ್ಥವನ್ನು ಗುರುತಿಸಿ ಹೇಳುವುದೇ ವಿಶ್ಲೇಷಣೆ.

'ಪ್ಲೇಗ್' ಎಂಬ ಪದವೂ ಹಾಗೆಯೇ. ಗುಂಪಿನೊಳಗೆ ಬಣ ಜಗಳ ಜೋರಾಗಿರುವ ಸಭೆಯೊಂದರಲ್ಲಿ ಹಿರಿಯ ಲೇಖಕ ಲ್ಯಾರಿ ಕ್ರೇಮರ್ ಇದ್ದಕ್ಕಿದ್ದಂತೆ ಆ ಒಂದೇ ಪದವನ್ನು ಕಿರುಚುತ್ತಾರೆ. ಕೋಣೆ ಗಪ್‌ಚಿಪ್ ಆಗುತ್ತದೆ. ನಾವು ಪ್ಲೇಗಿನ ನಡುವೆ ನಿಂತಿದ್ದೇವೆ, ನೀವು ಹೀಗೆ ಆಡುತ್ತಿದ್ದೀರಿ ಎಂಬುದು ಅವರ ಬೈಗುಳದ ತಾತ್ಪರ್ಯ. ವೈದ್ಯಕೀಯವಾಗಿ ಏಡ್ಸ್ ಪ್ಲೇಗ್ ಅಲ್ಲ; ಪದವನ್ನು ಆರಿಸಿದ್ದು ಅದರ ಹಿಂದಿರುವ ಭಯಕ್ಕಾಗಿ ಮತ್ತು ಸರಕಾರಕ್ಕೆ ಹೊಣೆ ಹೊರಿಸುವುದಕ್ಕಾಗಿ. ನಿಮ್ಮ ಸಭಿಕರಿಗೆ ಇದನ್ನು ವಿವರಿಸುವುದು ಕಷ್ಟವಾಗದು, ಏಕೆಂದರೆ ಕನ್ನಡದಲ್ಲಿ ಆ ಪದಕ್ಕೆ ತನ್ನದೇ ನೆನಪಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು, ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಎದ್ದದ್ದೂ ಆ ಹಿನ್ನೆಲೆಯಲ್ಲಿ, ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆದ್ದರಿಂದ ಶೀರ್ಷಿಕೆಯನ್ನು 'ಸಾಂಕ್ರಾಮಿಕ' ಎಂದು ಕನ್ನಡಿಸಬೇಡಿ, 'ಪ್ಲೇಗ್' ಎಂದೇ ಇಡಿ.

ಇನ್ನು ಒಂದು ದೃಶ್ಯವನ್ನಾದರೂ ಹತ್ತಿರದಿಂದ ಬಿಡಿಸಬೇಕು. 1992ರ ಅಕ್ಟೋಬರಿನಲ್ಲಿ ಹೋರಾಟಗಾರರು ತಮ್ಮವರ ಚಿತಾಭಸ್ಮವನ್ನು ವಾಷಿಂಗ್ಟನ್ನಿಗೆ ತಂದು ಶ್ವೇತಭವನದ ಬೇಲಿಯ ಮೇಲಿಂದ ಹುಲ್ಲುಹಾಸಿಗೆ ಎಸೆದ ದೃಶ್ಯವನ್ನು ನಾನು ಸೂಚಿಸುತ್ತೇನೆ. ಮೊದಲು ಧ್ವನಿ ತೆಗೆದು ನೋಡಿ. ಕೈಗಳು, ಪೆಟ್ಟಿಗೆಗಳು, ಕಬ್ಬಿಣದ ಸರಳುಗಳು, ಗಾಳಿಗೆ ಏಳುವ ಬೂದು ಧೂಳು ಕಾಣುತ್ತವೆ, ಅದು ಶವಸಂಸ್ಕಾರದಂತಿದೆ. ಬಳಿಕ ಕಣ್ಣು ಮುಚ್ಚಿ ಕೇಳಿ. ಘೋಷಣೆಯಿದೆ, ಕೂಗಿದೆ, ಅದು ಮೆರವಣಿಗೆ. ದೃಶ್ಯ ಒಂದು ಕಡೆ, ಧ್ವನಿ ಇನ್ನೊಂದು ಕಡೆ ಎಳೆಯುವುದರಿಂದ ದುಃಖ ಮತ್ತು ಕೋಪ ಬೇರ್ಪಡಿಸಲಾಗದಂತೆ ಬೆರೆಯುತ್ತವೆ. ನಿಮ್ಮ ಪುಟದಲ್ಲಿ 'ಈ ದೃಶ್ಯ ಬಹಳ ಭಾವುಕವಾಗಿದೆ' ಎಂದಿರುವ ಕಡೆ ಇದನ್ನು ಬರೆಯಿರಿ.

ಚಿತ್ರದಲ್ಲಿ ಇಲ್ಲದ್ದನ್ನು ಕೇಳುವುದೂ ಕೆಲಸದ ಭಾಗವೇ. ತಾಳಮದ್ದಲೆಯಲ್ಲಿ ಎಷ್ಟೇ ಗಟ್ಟಿ ಅರ್ಥಧಾರಿಯಾದರೂ ಎದುರು ಅರ್ಥಧಾರಿ ಕುಳಿತು ಅವನ ಮಾತನ್ನು ತಡೆದು ಕೇಳುತ್ತಾನೆ. ಸಾಕ್ಷ್ಯಚಿತ್ರದಲ್ಲಿ ಆ ಎದುರು ಕುರ್ಚಿಯಲ್ಲಿ ಯಾರು ಎಷ್ಟು ಹೊತ್ತು ಕೂರಬೇಕೆಂಬುದನ್ನು ಸಂಕಲನಕಾರನೇ ನಿರ್ಧರಿಸುತ್ತಾನೆ. ಹೋರಾಟಗಾರರ ಕಡು ವಿರೋಧಿಯಾಗಿದ್ದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಇಲ್ಲಿ ತುಣುಕುಗಳಲ್ಲಿ ಮಾತ್ರ ಬರುತ್ತಾರೆ, ಅವರ ಮನೆಗೆ ದೈತ್ಯ ಕಾಂಡೋಮ್ ಹೊದಿಸಿದ 1991ರ ಪ್ರಸಂಗ ಅವರಿಗೆ ಕೊಟ್ಟ ಉತ್ತರವಾಗಿ ನಗೆ ಉಕ್ಕಿಸುತ್ತದೆ. ಆ ನಗೆಯೂ ವಾದವೇ. ಇದಕ್ಕಿಂತ ಮುಖ್ಯವಾದ ಗೈರುಹಾಜರಿ ಹೋರಾಟದ ಒಳಗಿನದು. ಚಿತ್ರದ ಬೆಳಕು ಬಹುಪಾಲು ಔಷಧ ಪ್ರಯೋಗಗಳ ಹಿಂದೆ ಬಿದ್ದ ಬಿಳಿಯ ಗಂಡಸರ ಮೇಲಿದೆ; ಮಹಿಳೆಯರಲ್ಲಿ ಕಾಣುವ ಕಾಯಿಲೆಗಳು ಏಡ್ಸ್‌ನ ಅಧಿಕೃತ ವ್ಯಾಖ್ಯಾನದಲ್ಲಿ ಸೇರಿಲ್ಲವೆಂದು ವರ್ಷಗಟ್ಟಲೆ ನಡೆದು 1993ರಲ್ಲಿ ಫಲ ಕೊಟ್ಟ ಹೋರಾಟಕ್ಕೆ ಇಲ್ಲಿ ತಕ್ಕ ಜಾಗ ಸಿಕ್ಕಿಲ್ಲ. ಇದೇ ಗುಂಪಿನ ಬಗ್ಗೆ ಇದೇ 2012ರಲ್ಲಿ ಬಂದ ಜಿಮ್ ಹಬಾರ್ಡ್ ಅವರ 'ಯುನೈಟೆಡ್ ಇನ್ ಆ್ಯಂಗರ್' ಆ ಹೋರಾಟಕ್ಕೆ ಜಾಗ ಕೊಡುತ್ತದೆ. ಸಾಧ್ಯವಾದರೆ ಅದನ್ನೂ ನೋಡಿ. ಒಂದೇ ಗುಂಪು, ಒಂದೇ ಕಾಲ, ಎರಡು ಬೇರೆ ವಾದಗಳು.

ಕಥೆಯನ್ನು 1996ರ ಔಷಧಿಯತ್ತ ಹರಿಯುವಂತೆ ಕಟ್ಟಿರುವುದೂ ಒಂದು ಆಯ್ಕೆ. ಉಗಾಂಡಾದ ಕಂಪಾಲಾದಲ್ಲಿಯೋ ಮಣಿಪುರದ ಇಂಫಾಲದಲ್ಲಿಯೋ ಕುಳಿತು ಇದೇ ಕಥೆ ಹೇಳಿದರೆ ಆ ವರ್ಷ ಗೆಲುವಿನದಾಗುವುದಿಲ್ಲ, ಏಕೆಂದರೆ ಅಂಥ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೇಕಾಗಿತ್ತು; ಮುಂಬಯಿಯ ಸಿಪ್ಲಾ ಕಂಪನಿ ಅದನ್ನು 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂದದ್ದು 2001ರಲ್ಲಿ.

ಕೆಲಸದ ಕ್ರಮ ಹೇಳುತ್ತೇನೆ. ಮೊದಲ ಸಲ ಏನೂ ಬರೆಯದೆ ನೋಡಿ, ಅದನ್ನು ನೀವು ಆಗಲೇ ಮಾಡಿದ್ದೀರಿ. ಎರಡನೆಯ ಸಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ನಿಮಿಷ, ಕಂಡದ್ದು, ಕೇಳಿದ್ದು, ಈವರೆಗೆ ನನಗೆ ಗೊತ್ತಿಲ್ಲದ್ದು ಎಂದು ತುಂಬುತ್ತಾ ಹೋಗಿ. ನಾಲ್ಕನೆಯ ಕಾಲಮ್ಮೇ ನಿಮ್ಮ ಬಂಡವಾಳ. ಮೂರನೆಯ ಸಲ ಇಡೀ ಚಿತ್ರ ಬೇಡ, ಆರಿಸಿಕೊಂಡ ಮೂರು ತುಣುಕು ಸಾಕು. ಬರೆಯುವಾಗ 'ಚಿತ್ರದಲ್ಲಿ ಸ್ಟೇಲಿ ಭಾಷಣ ಮಾಡುತ್ತಾರೆ' ಎಂದು ನಿಲ್ಲಿಸಿದರೆ ಅದು ಕಥಾಸಾರ. '1990ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ವಿಜ್ಞಾನಿಗಳನ್ನೇ ಎಬ್ಬಿಸಿ ನಿಲ್ಲಿಸಿ ತಮ್ಮೊಡನೆ ಘೋಷಣೆ ಕೂಗಿಸುವ ಸ್ಟೇಲಿಯನ್ನು ತೋರಿಸುವ ಮೂಲಕ, ರೋಗಿ ಮತ್ತು ತಜ್ಞರ ನಡುವಿನ ಗೆರೆ ಅಳಿಸಿದ್ದನ್ನು ಚಿತ್ರ ನಿರೂಪಕನ ಮಾತಿಲ್ಲದೆ ಸಾಬೀತುಪಡಿಸುತ್ತದೆ' ಎಂದರೆ ವಿಶ್ಲೇಷಣೆ. ಪ್ರತಿ ವಾಕ್ಯದ ಕ್ರಿಯಾಪದದ ಕರ್ತೃ ಸ್ಟೇಲಿಯೋ ಚಿತ್ರವೋ ಎಂದು ಪರೀಕ್ಷಿಸುತ್ತಾ ಹೋದರೆ ನಿಮ್ಮ ನಾಲ್ಕು ಪುಟಗಳಲ್ಲಿ ಎರಡು ತಾವಾಗಿ ಉದುರುತ್ತವೆ.

ಕೊನೆಯದಾಗಿ, ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಮಾತು ಪ್ರದರ್ಶನಕ್ಕೆ ಮೊದಲು ಎಂದಿದೆ. ಅದನ್ನು ದಯವಿಟ್ಟು ನಂತರಕ್ಕೆ ಹಾಕಿಸಿ. ಕೆಲವು ವರ್ಷಗಳ ಹಿಂದೆ ಇದೇ ಚಿತ್ರಕ್ಕೆ ಪೀಠಿಕೆ ಹಾಕಲು ಹೋಗಿ, ಮಾತಿನ ಭರದಲ್ಲಿ ಸ್ಟೇಲಿ ಇಂದಿಗೂ ಬದುಕಿದ್ದಾರೆ ಎಂದುಬಿಟ್ಟೆ. ಚಿತ್ರ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಬಂದು, 'ಕೊನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು, ನಾನೊಬ್ಬ ಗಡಿಯಾರ ನೋಡಿದೆ, ನಿಮ್ಮಿಂದಾಗಿ' ಎಂದರು. ಸಂಘಟಕರು ಕ್ರಮ ಬದಲಿಸಲು ಒಪ್ಪದಿದ್ದರೆ ಮೊದಲು ಐದು ನಿಮಿಷ 'ಪ್ಲೇಗ್' ಪದದ ಬಗ್ಗೆ ಮಾತ್ರ ಹೇಳಿ, ಉಳಿದ ಹದಿನೈದನ್ನು ಕೊನೆಗೆ ಇಟ್ಟುಕೊಳ್ಳಿ. ಪೋಸ್ಟರಿಗೂ ಯಾರ ಇಂದಿನ ಫೋಟೊವನ್ನೂ ಹಾಕಿಸಬೇಡಿ.