ಹ್ಯಾಮ್ ರೇಡಿಯೋಗೆ ಕಟ್ಟಿದ ಡೈಪೋಲ್‌ನ (ನಡುವಿನಿಂದ ಕೇಬಲ್ ಇಳಿಯುವ ತಂತಿ ಆಂಟೆನಾದ) ಎಸ್‌ಡಬ್ಲ್ಯೂಆರ್ 1.6 ಇದೆ, 1.1ಕ್ಕೆ ಇಳಿಸಲು ತಂತಿಯನ್ನು ಇನ್ನೆಷ್ಟು ಕತ್ತರಿಸಬೇಕು, ಅಥವಾ ಸೆಟ್ಟಿಗೂ ಆಂಟೆನಾಕ್ಕೂ ಹೊಂದಿಸುವ ಟ್ಯೂನರ್ ಕೊಳ್ಳಬೇಕೇ?

ಕತ್ತರಿಸಬೇಡಿ, ಕೊಳ್ಳಲೂಬೇಡಿ. ಎಸ್‌ಡಬ್ಲ್ಯೂಆರ್ ಎಂಬುದು ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ, 1 ಎಂದರೆ ಏನೂ ಹಿಂದಿರುಗುವುದಿಲ್ಲ. 1.6 ಎಂದರೆ ಆಂಟೆನಾದಿಂದ ಹಿಂದಿರುಗುವ ಶಕ್ತಿ ನೂರಕ್ಕೆ ಐದು ಪಾಲು ಮಾತ್ರ; ಅಷ್ಟನ್ನೂ ಉಳಿಸಿಕೊಂಡರೂ ಎದುರಿನವರ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮಂತೆಯೇ ನಾನೂ 1.1ರ ಬೆನ್ನು ಹತ್ತಿದವನು, ಮತ್ತು ಅದು ನನಗೆ ದಕ್ಕಿತು ಕೂಡ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರುವರಿಯಲ್ಲಿ, 7.1 ಮೆಗಾಹರ್ಟ್ಸ್‌ಗೆಂದು ನನ್ನ ಮೊದಲ ಡೈಪೋಲ್ ಕಟ್ಟಿದೆ. ರೂಢಿಯ ಸೂತ್ರದಂತೆ 143ನ್ನು ಆವರ್ತನವಾದ 7.1ರಿಂದ ಭಾಗಿಸಿದರೆ ಒಟ್ಟು ಉದ್ದ 20.1 ಮೀಟರ್ ಬರುತ್ತದೆ. ನಾನು ಬಳಸಿದ್ದು ಮನೆ ವೈರಿಂಗಿನ ಪಿವಿಸಿ ಹೊದಿಕೆಯ ತಂತಿಯಾದ್ದರಿಂದ, ಹೊದಿಕೆ ಅಲೆಯನ್ನು ತುಸು ನಿಧಾನಗೊಳಿಸುವ ಕಾರಣ, ಕೊನೆಗೆ 19.5 ಮೀಟರ್ ಸಾಕಾಯಿತು. ಅಡಿಕೆ ಮರ ಹತ್ತುವ ಕೊನೆಗಾರನಿಂದ ಹಗ್ಗ ಹಾಕಿಸಿ ನಡುಭಾಗವನ್ನು ಹಲಸಿನ ಮರದ 11 ಮೀಟರ್ ಎತ್ತರಕ್ಕೆ ಏರಿಸಿ, ಎರಡು ತುದಿಗಳನ್ನು ಇಳಿಜಾರಾಗಿ ಅಡಿಕೆ ಮರಗಳಿಗೆ ಕಟ್ಟಿ, ಅಲ್ಲಿಂದ ಮನೆಯೊಳಕ್ಕೆ 30 ಮೀಟರ್ ಆರ್‌ಜಿ-58 ಕೇಬಲ್ (ನಡುವೆ ಒಂದು ತಂತಿ, ಸುತ್ತ ತಾಮ್ರದ ಜಾಲರಿ ಇರುವಂಥದ್ದು) ಎಳೆದೆ. ಮೀಟರು 1.6 ತೋರಿಸಿತು. ಮೈಸೂರು, ಹುಬ್ಬಳ್ಳಿ, ಹೈದರಾಬಾದ್ ಎಲ್ಲವೂ ಸಲೀಸಾಗಿ ಸಿಕ್ಕವು. ಆದರೂ ಆ 1.6 ನನ್ನನ್ನು ಕೊರೆಯುತ್ತಲೇ ಇತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಆಗುಂಬೆ ನಮ್ಮದೇ ತಾಲ್ಲೂಕು, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಊರಿಗೆ ಅಷ್ಟಿಲ್ಲದಿದ್ದರೂ ಕಡಿಮೆಯೇನಲ್ಲ. ಆಷಾಢದ ಹೊತ್ತಿಗೆ ಎಸ್‌ಡಬ್ಲ್ಯೂಆರ್ ತಾನಾಗಿಯೇ 1.4ಕ್ಕೆ, ಆಮೇಲೆ 1.1ಕ್ಕೆ ಇಳಿಯಿತು. ತಂತಿ ಹಗ್ಗಕ್ಕೆ ಹೊಂದಿಕೊಂಡು ಪಳಗಿತೆಂದು ಹಿಗ್ಗಿದೆ. ರಿಸೀವರಿನ ಗದ್ದಲವೂ ತಗ್ಗಿತು. ಅದನ್ನೂ ಲಾಭವೆಂದೇ ಬಗೆದೆ. ಆದರೆ ನನ್ನ ಕರೆಗೆ ಉತ್ತರಿಸುವವರು ದಿನದಿಂದ ದಿನಕ್ಕೆ ಕಡಿಮೆಯಾದರು. ಮೀಟರು ಅಷ್ಟು ಚೆನ್ನಾಗಿರುವಾಗ ಆಂಟೆನಾ ವ್ಯವಸ್ಥೆಯನ್ನು ಅನುಮಾನಿಸುವುದುಂಟೇ? ರೇಡಿಯೋ ಸೆಟ್ಟೇ ಕಿವುಡಾಗಿದೆ ಎಂದು ತೀರ್ಮಾನಿಸಿ ಅದನ್ನು ಅರ್ಧ ಬೆಲೆಗೆ ಮಾರಿದೆ, ಸಾಲ ಮಾಡಿ ಇನ್ನೊಂದು ತಂದೆ. ಹೊಸ ಸೆಟ್ಟಿನಲ್ಲಿಯೂ ಅದೇ ಮೌನ.

ದೀಪಾವಳಿಗೆ ಕೇಬಲ್ ಇಳಿಸಿ, ಕೆಳತುದಿಯಲ್ಲಿ ಸೆಟ್ಟಿಗೆ ಸಿಕ್ಕಿಸುವ ಪಿಎಲ್-259 ಕನೆಕ್ಟರ್ ಬಿಚ್ಚಿದಾಗ ಅದರೊಳಗಿಂದ ನೀರು ತೊಟ್ಟಿಕ್ಕಿತು. ಹೊದಿಕೆ ಸೀಳಿ ನೋಡಿದರೆ ತಾಮ್ರದ ಜಾಲರಿ ಮಾರುದ್ದ ಕಪ್ಪಗಾಗಿತ್ತು. ಮೇಲೆ, ತಂತಿ ಮತ್ತು ಕೇಬಲ್ ಸೇರುವಲ್ಲಿ, ನಾನು ಬರೀ ಇನ್ಸುಲೇಷನ್ ಟೇಪು ಸುತ್ತಿದ್ದೆ. ಜಾಲರಿಯು ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ನೀರನ್ನು ಒಳಗೆಳೆದುಕೊಂಡಿತ್ತು. ಮಳೆಗೆ ಮುನ್ನ ಅಡಿಕೆ ಕೊನೆಗಳಿಗೆಲ್ಲ ಕೊಟ್ಟೆ (ಮಳೆಹೊದಿಕೆ) ಕಟ್ಟುವ ಮನೆಯವನು, ಈ ಒಂದು ಗಂಟಿಗೆ ಕಟ್ಟಲಿಲ್ಲ.

ಎಸ್‌ಡಬ್ಲ್ಯೂಆರ್ ಏಕೆ ಇಳಿಯಿತೆಂಬುದನ್ನು ಬಿಡಿಸಿ ಹೇಳಲೇಬೇಕು. ಸೆಟ್ಟು 50 ವಾಟ್ ಕೊಡುತ್ತಿದೆ, ಒದ್ದೆ ಕೇಬಲ್ ಅದರ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆಯುತ್ತಿದೆ ಎಂದಿಟ್ಟುಕೊಳ್ಳಿ. ಆಂಟೆನಾ ತಲುಪುವುದು 12.5 ವಾಟ್. ಅದರಲ್ಲಿ ನೂರಕ್ಕೆ ಐದು ಪಾಲಿನಂತೆ ಸುಮಾರು 0.67 ವಾಟ್ ಹಿಂದಿರುಗುತ್ತದೆ. ಅದೂ ಅದೇ ಕೇಬಲಿನಲ್ಲಿ ಮತ್ತೆ ಮುಕ್ಕಾಲು ಪಾಲು ಕಳೆದುಕೊಂಡು, ಸೆಟ್ಟಿನ ಬಳಿಯ ಮೀಟರಿಗೆ ಮುಟ್ಟುವಾಗ 0.17 ವಾಟ್ ಆಗಿರುತ್ತದೆ. ಮೀಟರಿಗೆ ಕಾಣುವುದು 50 ಹೋಗಿದ್ದು, 0.17 ಬಂದಿದ್ದು, ಆದ್ದರಿಂದ ಅದು 1.1 ಎನ್ನುತ್ತದೆ. ಮರಳಿ ಬಾರದ್ದೆಲ್ಲ ಆಕಾಶಕ್ಕೆ ಹೋಯಿತೆಂದು ನಾನು ತಿಳಿದಿದ್ದೆ, ಅದು ದಾರಿಯಲ್ಲೇ ಇಂಗಿತ್ತು. ಸೆಟ್ಟಿನ ಪಕ್ಕದಲ್ಲಿ ಇಡುವ ಟ್ಯೂನರ್ ಕೂಡ ಈ ನಷ್ಟವನ್ನು ತಪ್ಪಿಸಲಾರದು. ಅದು ಸೆಟ್ಟನ್ನು ಸಮಾಧಾನಪಡಿಸುತ್ತದೆ, ಅಷ್ಟೆ.

ಕತ್ತರಿಸಲೇಬೇಕೆಂಬ ಹಟವಿದ್ದರೆ, ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವುದು ಯಾವ ಆವರ್ತನದಲ್ಲಿ ಎಂದು ಮೊದಲು ನೋಡಿ. ಅದು 6.95ರಲ್ಲಿದ್ದರೆ ತಂತಿ ಉದ್ದವಾಗಿದೆ ಎಂದರ್ಥ. ಈಗಿನ ಉದ್ದವನ್ನು 6.95ರಿಂದ ಗುಣಿಸಿ 7.1ರಿಂದ ಭಾಗಿಸಿ, ಬಂದ ಉದ್ದಕ್ಕೂ ಈಗಿನ ಉದ್ದಕ್ಕೂ ಇರುವ ವ್ಯತ್ಯಾಸವನ್ನು ಎರಡೂ ಕಡೆ ಸಮನಾಗಿ ಹಂಚಿ, ಕತ್ತರಿಸದೆ ಮಡಚಿ ಸುತ್ತಿ ನೋಡಿ. ಕಡಿಮೆ ಬಿಂದು ಈಗಾಗಲೇ 7.1ರಲ್ಲೇ ಇದ್ದು ಅಲ್ಲಿಯೂ 1.6 ಇದ್ದರೆ, ಅದು ಉದ್ದದ ದೋಷವಲ್ಲ. ಎತ್ತರ ಮತ್ತು ಇಳಿಜಾರು ಸೇರಿ ಆದದ್ದು, ಕತ್ತರಿಗೆ ಅಲ್ಲಿ ಕೆಲಸವಿಲ್ಲ.

ಆ ಹೊತ್ತನ್ನು ತಂತಿ ಮತ್ತು ಕೇಬಲ್ ಸೇರುವ ಗಂಟಿಗೆ ಕೊಡಿ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಇನ್ಸುಲೇಷನ್ ಟೇಪು ಹಾಕಿ. ವಿನಿಗರ್ ವಾಸನೆಯ ಸಿಲಿಕೋನ್ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಕೆಳಬಾಗು ಕೊಟ್ಟರೆ ಹೊರಮೈಯ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇನ್ನು ಪರೀಕ್ಷೆ: ಆಂಟೆನಾವನ್ನು ಕಳಚಿ, ಕೇಬಲಿನ ಆ ತುದಿಯನ್ನು ಖಾಲಿ ಬಿಟ್ಟು, ಈ ತುದಿಯಲ್ಲಿ ನ್ಯಾನೋ ವಿಎನ್‌ಎ (ಎಸ್‌ಡಬ್ಲ್ಯೂಆರ್ ಅಳೆಯುವ ಪುಟ್ಟ ಸಾಧನ) ಹಾಕಿ ಅಳೆಯಿರಿ, ಸೆಟ್ಟಿನಿಂದ ಪ್ರಸಾರ ಮಾಡಬೇಡಿ. ತುದಿ ಖಾಲಿಯಿದ್ದರೆ ಅಲ್ಲಿ ಮುಟ್ಟಿದ ಶಕ್ತಿಯೆಲ್ಲ ಹಿಂದಿರುಗುತ್ತದೆ, ಆದ್ದರಿಂದ 30 ಮೀಟರಿನ ಒಳ್ಳೆಯ ಆರ್‌ಜಿ-58 ಆಗ 7.1ರಲ್ಲಿ ಐದಕ್ಕಿಂತ ಮೇಲಿನ ಎಸ್‌ಡಬ್ಲ್ಯೂಆರ್ ತೋರಿಸಬೇಕು. ಎರಡೋ ಅದಕ್ಕಿಂತ ಕಡಿಮೆಯೋ ತೋರಿಸಿದರೆ ಕೇಬಲನ್ನು ಎಸೆಯಿರಿ. ಮೇ ತಿಂಗಳಲ್ಲೊಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ಇದನ್ನು ಮಾಡಿ.