ಸರ್ಫ್ ಗಿಟಾರ್ ನುಡಿಸಲು ನಿಜವಾಗಿ ಎಷ್ಟು ಕೈಚಳಕ ಬೇಕು?

"ಹೆವಿ ಮೆಟಲ್ ರಾಕ್ ನುಡಿಸಿ ಅಭ್ಯಾಸ ಇದೆ, ಗೆಳೆಯರು ಸರ್ಫ್ ಬ್ಯಾಂಡ್ ಕಟ್ಟೋಣ ಅಂತಿದ್ದಾರೆ, ಅದರಲ್ಲಿ ಇರೋದೇ ನಾಲ್ಕು ಸ್ವರ, ಒಳ್ಳೆ ರಿವರ್ಬ್ ಪೆಡಲ್ ತಗೊಂಡರೆ ಸಾಕಲ್ವಾ" ಅಂತ ಕೇಳಿದ್ದೀರಿ. ಸಾಕಾಗಲ್ಲ. (ಸರ್ಫ್ ಅಂದರೆ 60ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ ಬೆಳೆದ ಗಿಟಾರ್ ವಾದ್ಯಸಂಗೀತ. ರಿವರ್ಬ್ ಪೆಡಲ್ ಅಂದರೆ ಗಿಟಾರ್ ಸದ್ದಿಗೆ ಪ್ರತಿಧ್ವನಿ ಸೇರಿಸುವ, ಕಾಲಲ್ಲಿ ಒತ್ತುವ ಡಬ್ಬಿ.) ಪೆಡಲ್ ಇನ್ನೂ ಕೊಂಡಿಲ್ಲ ಅಂದರೆ ದುಡ್ಡು ಜೇಬಲ್ಲೇ ಇರಲಿ. ನಾನು ಇದೇ ಲೆಕ್ಕ ಹಾಕಿ ಇಳಿದವನು. ಮೊದಲು ಪೆಡಲ್ ಕೊಂಡೆ, ಆಮೇಲೆ ಮರ್ಯಾದೆ ಕಳೆದುಕೊಂಡೆ.

ಕಾಲೇಜಿನಲ್ಲಿ ನಾನೂ ಮೆಟಲ್ ಹುಡುಗನೇ. ಎಡಗೈ ಫ್ರೆಟ್ ಮೇಲೆ ಓಡುತ್ತಿದ್ದರೆ ಅದೇ ಕೌಶಲ ಅಂತ ನಂಬಿದ್ದೆ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆಫೀಸಿನ ಒಬ್ಬರು 60ರ ದಶಕದ ವಾದ್ಯಸಂಗೀತ ನುಡಿಸುವ ಬ್ಯಾಂಡ್ ಕಟ್ಟುತ್ತಿದ್ದರು, ಲೀಡ್ ಗಿಟಾರ್‌ಗೆ, ಅಂದರೆ ಮುಖ್ಯ ಧಾಟಿ ನುಡಿಸಲು, ಕರೆದರು. ಹಾಡುಗಳ ಪಟ್ಟಿ ನೋಡಿದೆ. ದಿ ವೆಂಚರ್ಸ್ ಅವರ 'ವಾಕ್ ಡೋಂಟ್ ರನ್', ದಿ ಶಾಂಟೇಸ್ ಅವರ 'ಪೈಪ್‌ಲೈನ್', ಗಿಟಾರಿಸ್ಟ್ ಡಿಕ್ ಡೇಲ್ ಅವರ 'ಮಿಸಿರ್ಲೂ'. ಒಂದು ವಾರಾಂತ್ಯದ ಕೆಲಸ ಅಂದುಕೊಂಡೆ.

ಎಡಗೈ ಮಟ್ಟಿಗೆ ಅದು ನಿಜವೇ. 'ವಾಕ್ ಡೋಂಟ್ ರನ್' ಮೂಲದಲ್ಲಿ ಜಾನಿ ಸ್ಮಿತ್ ಅನ್ನುವ ಜಾಝ್ ಗಿಟಾರಿಸ್ಟ್ ಬರೆದದ್ದು. ವಾಷಿಂಗ್ಟನ್ ರಾಜ್ಯದ ಟಕೋಮಾದ ವೆಂಚರ್ಸ್ 1960ರಲ್ಲಿ ಅದನ್ನು ಸರಳ ಮಾಡಿ ನುಡಿಸಿದರು. ಎ ಮೈನರ್, ಜಿ, ಎಫ್, ಇ ಅಂತ ಇಳಿಯುವ ಕಾರ್ಡ್‌ಗಳು, ಯಾರು ಬೇಕಾದರೂ ಹಿಡಿಯಬಹುದು. ಶಾಂಟೇಸ್ ಹುಡುಗರಂತೂ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಹೈಸ್ಕೂಲ್ ಓದುತ್ತಿದ್ದವರು. ಹೈಸ್ಕೂಲ್ ಹುಡುಗರು ಮಾಡಿದ ಸಂಗೀತಕ್ಕೆ ಬಾಗಿಲು ಎಷ್ಟು ಎತ್ತರ ಇರಲು ಸಾಧ್ಯ? ಒಳಗೆ ಹೋಗುವುದು ಸುಲಭ. ನಾನು ಅಲ್ಲಿಗೇ ಲೆಕ್ಕ ನಿಲ್ಲಿಸಿದೆ.

'ಮಿಸಿರ್ಲೂ' ವಿಷಯ ಬೇರೆ. ಡೇಲ್ ತಂದೆಯ ಕಡೆಯವರು ಲೆಬನಾನ್ ಮೂಲದವರು. ಚಿಕ್ಕಪ್ಪ ಊದ್ ಅನ್ನುವ ಅರಬ್ಬಿ ತಂತಿವಾದ್ಯ ನುಡಿಸುತ್ತಿದ್ದರು, ಈ ಧಾಟಿ ಡೇಲ್‌ಗೆ ಅವರಿಂದ ಬಂತು. ಒಬ್ಬ ಹುಡುಗ "ಒಂದೇ ತಂತಿಯಲ್ಲಿ ಒಂದು ಹಾಡು ನುಡಿಸ್ತೀರಾ" ಅಂತ ಕೇಳಿದ್ದಕ್ಕೆ ಈ ಹಳೇ ಧಾಟಿ ನೆನಪಾಯಿತು, ಅದನ್ನೇ ಸಿಕ್ಕಾಪಟ್ಟೆ ವೇಗ ಮಾಡಿ ನುಡಿಸಿದೆ ಅಂತ ಡೇಲ್ ಹೇಳುತ್ತಿದ್ದರು. 1962ರ ರೆಕಾರ್ಡ್ ಅದು. ವೇಗ ಮೆಟ್ರೋನೋಮ್‌ನಲ್ಲಿ ಸುಮಾರು 170, ಬಡಿತಕ್ಕೆ ನಾಲ್ಕು ಹೊಡೆತ. ಅಂದರೆ ಸೆಕೆಂಡಿಗೆ 11ರ ಆಸುಪಾಸು. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಗೆ, ಮೇಲೆ, ಕೆಳಗೆ, ಮೇಲೆ, ನಿಲ್ಲದೆ. ಎಡಗೈ ಆರಾಮಾಗಿ ದಪ್ಪ ಇ ತಂತಿಯ ಮೇಲೆ ಜಾರಿಕೊಂಡು ಹೋಗುತ್ತದೆ. ದುಡಿಮೆ ಎಲ್ಲ ಬಲಗೈದು.

ಮೆಟಲ್‌ನಲ್ಲೂ ಹೀಗೇ ಹೊಡೆಯುತ್ತೇವಲ್ಲ, ಏನು ಮಹಾ ಅಂತ ಕೂತೆ. ರಿವರ್ಬ್ ಪೆಡಲ್ ಆನ್ ಮಾಡಿದೆ. ತಂತಿ ಮುಟ್ಟಿದರೆ ಸಾಕು, ಬಾವಿಯೊಳಗಿಂದ ಬಂದ ಹಾಗೆ ಒದ್ದೆ ಒದ್ದೆ ಸದ್ದು. ಮೊದಲ ದಿನವೇ ಖುಷಿಯೋ ಖುಷಿ. ಆ ಪೆಡಲ್ ಆಮೇಲೆ ಆಫ್ ಆಗಲೇ ಇಲ್ಲ. ಮನೆಯಲ್ಲಿ, ಜ್ಯಾಮ್ ರೂಮಿನಲ್ಲಿ, ರಾತ್ರಿ ಹೆಡ್‌ಫೋನ್ ಹಾಕಿಕೊಂಡಾಗ, ಯಾವಾಗಲೂ ಆನ್. ನನ್ನ ತಪ್ಪು ಇದೇ. ಚಿಕ್ಕದು ಅನ್ನಿಸಬಹುದು, ಆದರೆ ಬಿಡಿಸಿ ಹೇಳದಿದ್ದರೆ ನೀವೂ ಇದನ್ನೇ ಮಾಡುತ್ತೀರಿ.

ಸ್ವಲ್ಪ ದಿನ ಬಿಟ್ಟು ಬ್ಯಾಂಡಿನವರು ದುಡ್ಡು ಹಾಕಿ ಸ್ಟುಡಿಯೋ ಬುಕ್ ಮಾಡಿದರು. ಅಲ್ಲಿನ ಎಂಜಿನಿಯರ್ "ರಿವರ್ಬ್ ನಾವು ಆಮೇಲೆ ಹಾಕ್ತೀವಿ, ನೀವು ಡ್ರೈ ಕೊಡಿ" ಅಂದರು. ಡ್ರೈ ಅಂದರೆ ಪೆಡಲ್ ಇಲ್ಲದ ಬರಿ ಸದ್ದು. ಗಿಟಾರ್ ನೇರ ಇಂಟರ್‌ಫೇಸ್‌ಗೆ, ಅಂದರೆ ಸದ್ದನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆಗೆ. ನುಡಿಸಿದೆ, ನನಗೇನೋ ಚೆನ್ನಾಗೇ ಬಂತು ಅನ್ನಿಸಿತು. ಆಮೇಲೆ ಅವರು ಪ್ಲೇ ಒತ್ತಿದರು. ಕೇಳಿಸಿದ್ದು ನಾನಲ್ಲ ಅನ್ನಿಸಿತು. ಟಕಟಕಟಕಟಕ ಅಂತ ಬರಬೇಕಾದ ಕಡೆ ಟ-ಕ, ಟ-ಕ ಅಂತ ಕುಂಟುತ್ತಿತ್ತು. ಅವರು ಏನೂ ಮಾತಾಡದೆ ಪರದೆ ಮೇಲೆ ವೇವ್‌ಫಾರ್ಮ್, ಅಂದರೆ ಸದ್ದಿನ ಗೆರೆಚಿತ್ರ, ದೊಡ್ಡದು ಮಾಡಿ ತೋರಿಸಿದರು. ಎತ್ತರದ ಒಂದು ಗೆರೆ, ಪಕ್ಕದಲ್ಲಿ ಗಿಡ್ಡ ಒಂದು ಗೆರೆ. ಮತ್ತೆ ಎತ್ತರ, ಮತ್ತೆ ಗಿಡ್ಡ. ಹಾಡಿನುದ್ದಕ್ಕೂ ಹಾಗೇ. ಎತ್ತರದ್ದು ಡೌನ್‌ಸ್ಟ್ರೋಕ್, ಗಿಡ್ಡದ್ದು ಅಪ್‌ಸ್ಟ್ರೋಕ್. ಸಾಲದ್ದಕ್ಕೆ ಗಿಡ್ಡ ಗೆರೆಗಳು ನಡುಮಧ್ಯ ಕೂತಿರಲಿಲ್ಲ, ಮುಂದಿನ ಡೌನ್‌ಸ್ಟ್ರೋಕ್‌ಗೆ ಅಂಟಿಕೊಂಡಿದ್ದವು.

ಇಷ್ಟು ಕಾಲ ಇದು ಯಾಕೆ ಕೇಳಿಸಿರಲಿಲ್ಲ? ಮೆಟಲ್ ಕಾಲದಲ್ಲಿ ಡಿಸ್ಟಾರ್ಷನ್ ಕಾಪಾಡಿತ್ತು. ಡಿಸ್ಟಾರ್ಷನ್ ಜೋರು ಸದ್ದನ್ನು ಕತ್ತರಿಸಿ, ಮೆಲು ಸದ್ದನ್ನು ಎತ್ತಿ, ಎರಡನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತರುತ್ತದೆ. ನನ್ನ ಅಪ್‌ಸ್ಟ್ರೋಕ್ ತಂತಿಯನ್ನು ಸುಮ್ನೆ ಸವರಿಕೊಂಡು ಹೋಗುತ್ತಿದ್ದರೂ ಆಂಪ್‌ನಿಂದ ಬರುವಾಗ ಗಟ್ಟಿಯಾಗೇ ಬರುತ್ತಿತ್ತು. ಸರ್ಫ್‌ಗೆ ಬಂದಾಗ ಟೋನ್ ಕ್ಲೀನ್ ಆಯಿತು, ಆ ಆಸರೆ ಹೋಯಿತು. ಅಷ್ಟರಲ್ಲಿ ರಿವರ್ಬ್ ಬಂದು ಆ ಜಾಗದಲ್ಲಿ ಕೂತಿತು. ಸ್ಪ್ರಿಂಗ್ ರಿವರ್ಬ್‌ನಲ್ಲಿ ನಿಜವಾಗಲೂ ಸ್ಪ್ರಿಂಗ್ ಇರುತ್ತದೆ. ಒಂದು ತುದಿಯಲ್ಲಿ ಸಿಗ್ನಲ್ ಅದನ್ನು ಅಲುಗಿಸುತ್ತದೆ, ಇನ್ನೊಂದು ತುದಿಯಲ್ಲಿ ಆ ಅಲುಗಾಟ ಮತ್ತೆ ಸಿಗ್ನಲ್ ಆಗುತ್ತದೆ. ನನ್ನ ಪೆಡಲ್ ಮಾಡುತ್ತಿದ್ದುದು ಅದರ ನಕಲು. ಹೊಡೆತ ಮುಗಿದ ಮೇಲೂ ಸದ್ದು ಉಳಿಯುತ್ತದೆ. ನನ್ನ ಒಂದು ಡೌನ್‌ಸ್ಟ್ರೋಕ್‌ನ ಬಾಲ ಮುಂದಿನ ಅಪ್‌ಸ್ಟ್ರೋಕ್‌ನ ಜಾಗವನ್ನು ತುಂಬುತ್ತಿತ್ತು. ಅಪ್‌ಸ್ಟ್ರೋಕ್ ಇಲ್ಲದಿದ್ದರೂ ಇದ್ದ ಹಾಗೆ ಕೇಳಿಸುತ್ತಿತ್ತು!

ಇನ್ನೊಂದು ತಮಾಷೆ ಅಂದರೆ, ಸರ್ಫ್‌ನವರು 'ಡ್ರಿಪ್' ಅಂತ ಕರೆಯುವ ಆ ತೊಟ್ಟಿಕ್ಕುವ ಸದ್ದು ಬರುವುದು ಚೂಪಾದ ಹೊಡೆತಕ್ಕೆ ಮಾತ್ರ. ನನ್ನದು ಡೌನ್‌ಸ್ಟ್ರೋಕ್‌ನಲ್ಲಷ್ಟೇ ತೊಟ್ಟಿಕ್ಕುತ್ತಿತ್ತು. ಅದನ್ನು ನಾನು ಅಲೆ ಅಂದುಕೊಂಡು ಹೆಮ್ಮೆಪಡುತ್ತಿದ್ದೆ.

ಕೈ ಯಾಕೆ ಹಾಗಾಗಿತ್ತು ಅಂದರೆ, ವೇಗಕ್ಕಾಗಿ ಮಣಿಕಟ್ಟನ್ನು ಬಿಗಿಹಿಡಿದು ಮೊಣಕೈಯಿಂದ ನಡುಗಿಸುತ್ತಿದ್ದೆ. ಪಿಕ್ ತಂತಿಯೊಳಗೆ ಜಾಸ್ತಿ ಆಳ ಇಳಿಯುತ್ತಿತ್ತು. ಕೆಳಗೆ ಹೋಗುವಾಗ ತೋಳಿನ ಭಾರ ಜೊತೆಗಿರುತ್ತದೆ, ಹೇಗೋ ದಾಟುತ್ತದೆ. ಮೇಲೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಬಾರದು ಅಂತ ಕೈ ತಾನೇ ತಾನಾಗಿ ಪಿಕ್ ಓರೆ ಮಾಡಿ ನುಣುಚಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ದಿನಾ ಅಭ್ಯಾಸ ಮಾಡಿದ್ದು ಈ ನುಣುಚುವಿಕೆಯನ್ನೇ. ಕಿವಿಗೆ ಗೊತ್ತಾಗಿದ್ದರೆ ಮೊದಲ ವಾರವೇ ಸರಿ ಮಾಡಿಕೊಳ್ಳಬಹುದಿತ್ತು. ಕಿವಿ ಮುಚ್ಚಿದ್ದು ಆ ಪೆಡಲ್.

ಸ್ಟುಡಿಯೋ ಸಮಯ ಮುಗಿಯಿತು, ದುಡ್ಡೂ ಹೋಯಿತು. ಮುಂದಿನ ಸಲ ರಿದಮ್ ಗಿಟಾರ್ ಹುಡುಗನ ಕೈಗೆ ಲೀಡ್ ಕೊಟ್ಟರು. ಅವನಿಗೆ ಎಡಗೈಯಲ್ಲಿ ನನ್ನ ಅರ್ಧದಷ್ಟೂ ಬರುತ್ತಿರಲಿಲ್ಲ, ಆದರೆ ಹೊಡೆತ ಗಡಿಯಾರದ ಹಾಗೆ. ನನ್ನನ್ನು ರಿದಮ್‌ಗೆ ಹಾಕಿದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸರಿಹೋದ ದಾರಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಮೈಸೂರಿನ ಮನೆಗೆ ಹೋದಾಗ ಆಂಪ್ ಇಲ್ಲದೆ ಬರಿ ಗಿಟಾರ್ ಹಿಡಿದು 'ಮಿಸಿರ್ಲೂ' ಮೊದಲ ಸಾಲು ಕುಟ್ಟುತ್ತಿದ್ದೆ. ಅಮ್ಮ ಅಕ್ಕಪಕ್ಕದ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ಒಳಗಿಂದಲೇ ಕೂಗಿದರು: "ಏನೋ ಅದು, ಮಾಯಾಮಾಳವಗೌಳ ಹಿಡ್ಕೊಂಡು ಹೀಗೆ ಜಜ್ತಿದ್ದೀಯ?"

ಗಿಟಾರ್ ಮೇಲೆ ಸ್ವರ ಎಣಿಸಿ ನೋಡಿದೆ. ಇ ತಂತಿಯನ್ನು ಷಡ್ಜ ಅಂದುಕೊಂಡರೆ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಅದೇ 15ನೇ ಮೇಳಕರ್ತ. ಅರಬ್ಬಿ, ತುರ್ಕಿ ಸಂಗೀತದಲ್ಲಿ ಹಿಜಾಝ್ ಕಾರ್ ಅನ್ನುವುದೂ ಹೆಚ್ಚುಕಮ್ಮಿ ಇದೇ ಏಣಿ. 'ಮಿಸಿರ್ಲೂ' ಹುಟ್ಟಿದ್ದು ಮೆಡಿಟರೇನಿಯನ್ ಪೂರ್ವದಂಡೆಯ ಕಡೆ, ಗ್ರೀಕ್ ಭಾಷೆಯಲ್ಲಿ 1927ರಲ್ಲೇ ರೆಕಾರ್ಡ್ ಆಗಿತ್ತು. ಪುರಂದರದಾಸರು ಹಾಕಿಕೊಟ್ಟರು ಅನ್ನುವ ಸರಳೆ ವರಸೆಯನ್ನು ಚಿಕ್ಕಂದಿನಲ್ಲಿ ಇದೇ ರಾಗದಲ್ಲಿ ನಾನೂ ಹಾಡಿದ್ದೆ, ಅಳುತ್ತಾ. ಗಮಕ ಒಂದಿಲ್ಲ, ಹಾಗಾಗಿ ಅಮ್ಮನ ಪ್ರಕಾರ ಇದು ರಾಗವೂ ಅಲ್ಲ. ಆದರೆ ಅವರು ಹೊಡೆತ ಕೇಳಿ ಹೇಳಿದ ಮಾತು ಕೆಲಸಕ್ಕೆ ಬಂತು. "ಒಂದನೇ ಕಾಲದಲ್ಲೇ ನೆಟ್ಟಗಿಲ್ಲ, ಮೂರನೇ ಕಾಲಕ್ಕೆ ಯಾಕೆ ಓಡ್ತೀಯ?"

ನಾನು ಮಾಡುತ್ತಿದ್ದುದು ಮೆಟ್ರೋನೋಮ್ ಅಂಕಿ ಏರಿಸುವುದು. ಅಂಕಿ ಏರಿದಂತೆ ಕೈ ಬಿಗಿಯಾಗುತ್ತಿತ್ತು. ಪಾಠದ ಮಕ್ಕಳು ಮಾಡುವುದು ಬೇರೆ. ತಾಳ ಒಂದೇ ವೇಗದಲ್ಲಿ ಇರುತ್ತದೆ. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ನಾನೂ ಹಾಗೇ ಕೂತೆ. ಕಾಲಲ್ಲಿ ನಿಧಾನ ತಾಳ, ಕೈಯಲ್ಲಿ ಒಂದು, ಎರಡು, ನಾಲ್ಕು, ಮತ್ತೆ ಇಳಿದು ಎರಡು, ಒಂದು. ಇಳಿಯುವಾಗಲೇ ಬಂಡವಾಳ ಗೊತ್ತಾಗುವುದು, ಬಿಗಿಹಿಡಿದ ಕೈ ನಿಧಾನಕ್ಕೆ ಬರಲ್ಲ. ಜೊತೆಗೆ ಪ್ರತಿ ಸಾಲನ್ನೂ ಅಪ್‌ಸ್ಟ್ರೋಕ್‌ನಿಂದ ಶುರು ಮಾಡುತ್ತಿದ್ದೆ. ಪಿಕ್ ತುದಿ ಮಾತ್ರ ತಂತಿಗೆ ತಾಗುವ ಹಾಗೆ ಹಿಡಿದೆ. ಮೊಬೈಲ್‌ನಲ್ಲಿ ಡ್ರೈ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ಮೊದಮೊದಲು ಕೇಳುವುದಕ್ಕೇ ನಾಚಿಕೆ. ಎಷ್ಟೋ ತಿಂಗಳಾಯಿತು. ಈಗ ನುಡಿಸುತ್ತೇನೆ, 170ರಲ್ಲಿ ಪೂರ್ತಿ ಹಾಡು ಇವತ್ತಿಗೂ ನನಗೆ ಸುಲಭವಲ್ಲ.

ನಿಮ್ಮ ಪ್ರಶ್ನೆಗೆ ಬಂದರೆ, "ಎಷ್ಟು ಕೌಶಲ" ಅನ್ನುವ ಅಳತೆಯೇ ತಪ್ಪು ಕಡೆ ಇದೆ. ಮೆಟಲ್‌ನವರು ಎಡಗೈ ನೋಡಿ ಅಳೆಯುತ್ತೇವೆ. ಸರ್ಫ್‌ನಲ್ಲಿ ಗಿಟಾರಿಸ್ಟ್ ಅರ್ಧ ಡ್ರಮ್ಮರ್. ಡೇಲ್ ಚಿಕ್ಕಂದಿನಲ್ಲಿ ಡ್ರಮ್ಸ್ ನುಡಿಸಿದವರು, ಜೀನ್ ಕ್ರುಪಾ ಅನ್ನುವ ಡ್ರಮ್ಮರ್‌ನಿಂದ ಕಲಿತ ತಾಳವನ್ನೇ ಗಿಟಾರ್‌ಗೆ ತಂದೆ ಅನ್ನುತ್ತಿದ್ದರು. ಸ್ವಾರಸ್ಯ ಏನು ಗೊತ್ತಾ, ಸರ್ಫ್‌ನ ಮೊದಲ ರೆಕಾರ್ಡ್‌ಗಳಲ್ಲಿ ಒಂದಾದ ಅವರ 1961ರ 'ಲೆಟ್ಸ್ ಗೋ ಟ್ರಿಪ್ಪಿನ್' ಕೇಳಿ, ನೀವು ಕೊಳ್ಳಬೇಕು ಅಂತಿರುವ ಆ ಒದ್ದೆ ರಿವರ್ಬ್ ಅದರಲ್ಲಿ ಇಲ್ಲವೇ ಇಲ್ಲ. ರಿವರ್ಬ್ ಬೇಕು ಅಂತ ಮೊದಲು ಕೇಳಿದ್ದು ತಮ್ಮ ಹಾಡುವ ದನಿಗೆ ಅಂತ ಡೇಲ್ ಹೇಳಿಕೊಂಡಿದ್ದಾರೆ. ರಿವರ್ಬ್ ಇಲ್ಲದೆ ನಿಮ್ಮದು ಸರ್ಫ್ ಥರ ಕೇಳಿಸದಿದ್ದರೆ, ಹಾಕಿದ ಮೇಲೂ ಅದು ಒದ್ದೆಯಾದ ಮೆಟಲ್ ಅಷ್ಟೇ.

ತಂತಿ ವಿಷಯ ಒಂದು. ನಿಮ್ಮ ಗಿಟಾರ್‌ನಲ್ಲಿ 9 ಅಥವಾ 10ರ ಸೆಟ್ ಇರಬಹುದು (ಈ ಅಂಕಿ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ). ಜೋರಾಗಿ ಹೊಡೆದರೆ ತೆಳು ತಂತಿ ಓಲಾಡುತ್ತದೆ, ಸ್ವರ ಒಂದು ಕ್ಷಣ ಮೇಲೇರಿ ಕೂರುತ್ತದೆ. 11ರ ಸೆಟ್ ಹಾಕಿಸಿ, ಸೆಟಪ್ ಮಾಡಿಸಿ. ಡೇಲ್ ಅವರ ಅತಿ ತೆಳು ತಂತಿಯೇ 16. ಅದನ್ನು ನಕಲು ಮಾಡಲು ಹೋಗಬೇಡಿ. ಅವರು ಎಡಚರು, ಬಲಗೈಯವರ ತಂತಿ ಜೋಡಣೆಯನ್ನೇ ತಲೆಕೆಳಗು ಮಾಡಿ ನುಡಿಸುತ್ತಿದ್ದರು. ಆ ಮನುಷ್ಯನ ಯಾವ ಪದ್ಧತಿಯೂ ನಮಗೆ ಹೊಂದಲ್ಲ.

ಬ್ಯಾಂಡ್ 'ಪೈಪ್‌ಲೈನ್'ನಿಂದ ಶುರು ಮಾಡಲಿ. ದಪ್ಪ ತಂತಿಯ ಮೇಲಿಂದ ಕೆಳಕ್ಕೆ ಜಾರುವ ಆ ಶುರುವಾತು, ಅಂಗೈ ಅಂಚನ್ನು ಬ್ರಿಡ್ಜ್ ಮೇಲಿಟ್ಟು ಸದ್ದು ಅದುಮಿ ಹೊಡೆಯುವ ಆ ಓಟ, ಎಲ್ಲ ಬಲಗೈ ಪಾಠವೇ. ವೇಗ ಕಡಿಮೆ, ಆದರೆ ಒಂದು ಹೊಡೆತ ಹೆಚ್ಚುಕಮ್ಮಿಯಾದರೂ ಬೆತ್ತಲೆಯಾಗಿ ಕೇಳಿಸುತ್ತದೆ. ಲೀಡ್ ಬೇಕೇ ಬೇಕು ಅಂತ ಹಟ ಮಾಡಬೇಡಿ. ರಿದಮ್‌ಗೆ ತಳ್ಳಿದಾಗ ನಾನು ಸಿಟ್ಟು ಮಾಡಿಕೊಂಡೆ, ಆದರೆ ತಾಳ ಗಟ್ಟಿಯಾಗಿದ್ದು ಅಲ್ಲೇ. 'ಮಿಸಿರ್ಲೂ' ಸದ್ಯಕ್ಕೆ ಮನೆಯಲ್ಲಿ ಮಾತ್ರ, ವೇದಿಕೆ ಮೇಲೆ ಬೇಡ. ಮುಂಗೈ ಉರಿಯಲು ಶುರುವಾದರೆ ಆ ಹೊತ್ತಿಗೆ ನಿಲ್ಲಿಸಿ, ಹಲ್ಲುಕಚ್ಚಿ ಮುಂದುವರಿಸಬೇಡಿ.

ಅಂದಹಾಗೆ ಡ್ರಮ್ಮರ್ ಯಾರು ಅಂತ ನೀವು ಬರೆದೇ ಇಲ್ಲ. ದಿ ಸರ್ಫಾರಿಸ್ ಅವರ 'ವೈಪ್ ಔಟ್'ನಲ್ಲಿ ಗಿಟಾರ್ ನುಡಿಸುವುದು 12 ಬಾರ್ ಬ್ಲೂಸ್ ಅನ್ನುವ ಸರಳ ಕಾರ್ಡ್ ಚೌಕಟ್ಟು, ಜನಕ್ಕೆ ನೆನಪಿರುವುದು ರಾನ್ ವಿಲ್ಸನ್ ಅವರ ಡ್ರಮ್ಸ್. ಮೆಟಲ್ ಡ್ರಮ್ಮರ್‌ನನ್ನೇ ಕರೆದುಕೊಂಡು ಬರುತ್ತಿದ್ದರೆ, ಡಬಲ್ ಬಾಸ್ ಪೆಡಲ್ (ಎರಡೂ ಕಾಲಲ್ಲಿ ಬಾಸ್ ಡ್ರಮ್ ಹೊಡೆಯುವುದು) ಮನೆಯಲ್ಲೇ ಬಿಟ್ಟು ಬರಲು ಹೇಳಿ.