ಅಪ್ಪ-ಅಮ್ಮ ಜೂನ್‌ನಲ್ಲಿ ಔಲುಗೆ ಬರುತ್ತಿದ್ದಾರೆ, ನಕ್ಷತ್ರ ನೋಡಲು ಎಲ್ಲಿಗೆ ಕರೆದುಕೊಂಡು ಹೋಗಲಿ?

ನಿಮ್ಮ ಪ್ರಶ್ನೆ ಓದಿದೆ. ನೀವು ಫಿನ್ಲೆಂಡಿನ ಔಲುಗೆ ಕೆಲಸಕ್ಕೆ ಬಂದು ಸ್ವಲ್ಪ ಕಾಲ ಆಗಿದೆ, ಧಾರವಾಡದಿಂದ ಅಪ್ಪ-ಅಮ್ಮ ಜೂನ್‌ನಲ್ಲಿ ಬಂದು ಎರಡೂವರೆ ತಿಂಗಳು ಇರುತ್ತಾರೆ, ಒಂದು ರಾತ್ರಿ ಊರಾಚೆ ಹೋಗಿ ಒಳ್ಳೆಯ ಆಕಾಶ ತೋರಿಸಬೇಕು. ನಾನೂ ಇದೇ ಊರಿನಲ್ಲಿರುವುದರಿಂದ ಜಾಗ ಹೇಳುವುದು ಕಷ್ಟ ಅಲ್ಲ. ಆದರೆ ಅದಕ್ಕೂ ಮೊದಲು ಒಂದು ಮಾತು: ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದರೆ ತಿಂಗಳು ಬದಲಾಯಿಸಿ. ಜೂನ್‌ನಲ್ಲಿ ಇಲ್ಲಿ ನಕ್ಷತ್ರ ಅಂತ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ. ಎಷ್ಟು ದೂರ ಹೋದರೂ ಅಷ್ಟೇ.

ಔಲು ಇರುವುದು 65 ಡಿಗ್ರಿ ಉತ್ತರದಲ್ಲಿ. ಜೂನ್ ಮೂರನೇ ವಾರದಲ್ಲಿ ಸೂರ್ಯ ಮಧ್ಯರಾತ್ರಿ ಹೊತ್ತಿಗೆ ಮುಳುಗಿ, ಎರಡು ಗಂಟೆ ದಾಟುತ್ತಿದ್ದಂತೆ ಮತ್ತೆ ಹುಟ್ಟುತ್ತಾನೆ. ನಡುವೆ ಇರುವುದು ಮುಸ್ಸಂಜೆ ಮಾತ್ರ. ಆಕಾಶ ಪೂರ್ತಿ ಕಪ್ಪಾಗಬೇಕಾದರೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿಯಬೇಕು. ಇಲ್ಲಿ ಏಪ್ರಿಲ್ ಎರಡನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಅದು ಆಗುವುದೇ ಇಲ್ಲ. ಆಗಸ್ಟ್ 12-13ರ ಪರ್ಸಿಯಿಡ್ ಉಲ್ಕಾಪಾತದ ಬಗ್ಗೆ ಎಲ್ಲ ಕಡೆ ಬರೆಯುತ್ತಾರಲ್ಲ, ಅದನ್ನು ನಂಬಿಕೊಂಡು ಇಲ್ಲಿ ಕಾಯಬೇಡಿ. ತುಂಬಾ ಪ್ರಕಾಶ ಇರುವ ನಾಲ್ಕಾರು ಉಲ್ಕೆ ಕಂಡರೆ ಪುಣ್ಯ.

ಹಾಗಂತ ಚಳಿಗಾಲಕ್ಕೆ ಕರೆಸಿ ಅಂತಲೂ ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಗಾಢ ಕತ್ತಲು, ನಿಜ. ಆದರೆ ನವೆಂಬರ್-ಡಿಸೆಂಬರ್ ಇಲ್ಲಿ ಮೋಡದ ತಿಂಗಳುಗಳು. ಅಪರೂಪಕ್ಕೆ ಆಕಾಶ ತೆರೆದ ದಿನವೇ ಚಳಿ ಮೈನಸ್ ಇಪ್ಪತ್ತಕ್ಕೆ ಇಳಿದಿರುತ್ತದೆ. ಜೊತೆಗೆ ನೆಲದ ಮೇಲಿನ ಹಿಮ ಬೀದಿ ದೀಪದ ಬೆಳಕನ್ನೆಲ್ಲ ಮೇಲಕ್ಕೆ ಎಸೆಯುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಮೋಡ ಕಡಿಮೆ, ನನಗೆ ಆ ಆಕಾಶ ಇಷ್ಟ. ಆದರೆ ಧಾರವಾಡದ ಚಳಿಗೇ ಶಾಲು ಹೊದೆಯುವವರನ್ನು ಹಿಮದಲ್ಲಿ ಒಂದು ಗಂಟೆ ನಿಲ್ಲಿಸುವುದು ಬೇಡ ಅಲ್ವಾ?

ಉಳಿದದ್ದು ಸೆಪ್ಟೆಂಬರ್. ಸೊಳ್ಳೆ ಕಾಟ ಮುಗಿದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ, ರಾತ್ರಿಯ ಚಳಿ ಐದು ಡಿಗ್ರಿಯ ಆಸುಪಾಸು. ಸೆಪ್ಟೆಂಬರ್ 20ರ ಹೊತ್ತಿಗೆ ರಾತ್ರಿ ಒಂಬತ್ತೂವರೆಗೆ ಮುಖ್ಯ ನಕ್ಷತ್ರಗಳೆಲ್ಲ ಬಂದಿರುತ್ತವೆ, ಹತ್ತೂವರೆಗೆ ಪೂರ್ತಿ ಕತ್ತಲು. ಷೆಂಗೆನ್ ವೀಸಾದಲ್ಲಿ 90 ದಿನ ಇರಬಹುದು. ಜುಲೈ ಮಧ್ಯಕ್ಕೆ ಕರೆಸಿ ಸೆಪ್ಟೆಂಬರ್ ಕೊನೆಗೆ ಕಳಿಸಿದರೆ ಬೇಸಿಗೆಯೂ ಸಿಗುತ್ತದೆ, ಕತ್ತಲೂ ಸಿಗುತ್ತದೆ.

ದಿನ ಆರಿಸುವ ಕೆಲಸ ಅಮ್ಮನಿಗೇ ಬಿಡಿ. ಅವರ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹೇಗೂ ಇರುತ್ತದೆ. ಮಾಮೂಲಿಯಾಗಿ ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನ ಅಂತ ಹೇಳುತ್ತಾರೆ. ಇಲ್ಲಿ ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ಜಾಸ್ತಿ ಸಲೀಸು ಇದೆ. ಅಮಾವಾಸ್ಯೆ ಕಳೆದ ಮೇಲೂ ಒಂದು ವಾರ ಚಂದ್ರ ದಕ್ಷಿಣದ ದಿಗಂತಕ್ಕೆ ಅಂಟಿಕೊಂಡೇ ಇರುತ್ತಾನೆ. ಕೆಲವು ದಿನ ಕಾಡಿನ ಮರಗಳಿಗಿಂತ ಮೇಲೆ ಬರುವುದೂ ಇಲ್ಲ. ಹಾಗಾಗಿ ಸಂಜೆಯ ಆಕಾಶ ಹಾಳಾಗುವುದಿಲ್ಲ. ಮೂರು-ನಾಲ್ಕು ದಿನ ಗುರುತು ಹಾಕಿಟ್ಟುಕೊಳ್ಳಿ, ಅದೇ ದಿನ ಮಧ್ಯಾಹ್ನ ಫಿನ್ಲೆಂಡ್ ಹವಾಮಾನ ಸಂಸ್ಥೆಯ ವೆಬ್‌ಸೈಟಿನಲ್ಲಿ ಮೋಡದ ಮುನ್ಸೂಚನೆ ನೋಡಿ ಹೊರಡುವುದೋ ಬೇಡವೋ ನಿರ್ಧರಿಸಿ. ವಾರದ ಮುಂಚಿನ ಮುನ್ಸೂಚನೆಗೆ ಈ ಸಮುದ್ರದ ಊರಿನಲ್ಲಿ ಬೆಲೆ ಇಲ್ಲ.

ಇನ್ನು ಜಾಗ. ಎಲ್ಲರೂ ಹೇಳುವುದು ನಲ್ಲಿಕಾರಿ ಬೀಚ್. ಸುಮ್ನೆ ಹೋಗಿ ಬರಲು ಚೆನ್ನ. ಪಶ್ಚಿಮಕ್ಕೆ ಸಮುದ್ರ ಇರುವುದರಿಂದ ಆ ಕಡೆ ಕತ್ತಲು ಇರುತ್ತದೆ. ಆದರೆ ಬೆನ್ನ ಹಿಂದೆ ಇಡೀ ಊರು ಉರಿಯುತ್ತಿರುತ್ತದೆ. ನಿಮಗೆ ಬೇಕಾದದ್ದು ನಕ್ಷತ್ರವಾದರೆ ಊರಿನ ದಕ್ಷಿಣಕ್ಕೆ ಹೋಗಿ, ಅರೋರಾ (ಧ್ರುವದ ಕಡೆಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಆದರೆ ಉತ್ತರಕ್ಕೆ ಹೋಗಿ. ನೋಡುವ ದಿಕ್ಕಿನಲ್ಲಿ ಊರಿನ ಬೆಳಕು ಇರಬಾರದು, ಅಷ್ಟೇ ಲೆಕ್ಕ.

ನನ್ನ ಆಯ್ಕೆ ಲಿಮಿಂಕಾ ಕೊಲ್ಲಿ. ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಸುತ್ತಲೂ ಸಮತಟ್ಟಾದ ಹೊಲ, ಹುಲ್ಲುಗಾವಲು, ಮರಗಳ ಅಡ್ಡಿ ಕಡಿಮೆ. ನಿಸರ್ಗ ಕೇಂದ್ರದ ಹತ್ತಿರ ಕಾರು ನಿಲ್ಲಿಸಬಹುದು, ಹಿರಿಯರನ್ನು ದೂರ ನಡೆಸುವ ಗೊಡವೆ ಇಲ್ಲ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆಯೇ ತಲುಪಿ. ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ ಹೊರಟ ಕೊಕ್ಕರೆಯಂತೆ ಕಾಣುವ ದೊಡ್ಡ ಕ್ರೇನ್ ಹಕ್ಕಿಗಳು ಹಗಲು ಹೊಲಗಳಲ್ಲಿ ಮೇಯ್ದು, ರಾತ್ರಿ ತಂಗಲು ಗುಂಪು ಗುಂಪಾಗಿ ಕೊಲ್ಲಿಗೆ ಬರುತ್ತವೆ. ಅವುಗಳ ಕೂಗು ಕಿಲೋಮೀಟರುಗಟ್ಟಲೆ ಕೇಳುತ್ತದೆ. ಅಕಸ್ಮಾತ್ ಮೋಡ ಕವಿದರೂ ಹೋದದ್ದು ದಂಡ ಆಗುವುದಿಲ್ಲ. ಹೈಲುವೊಟೊ ದ್ವೀಪದ ತುದಿಯ ಮರ್ಯಾನಿಯೆಮಿ ಇದಕ್ಕಿಂತ ಕಪ್ಪು ಆಕಾಶದ ಜಾಗ. ಆದರೆ ನಡುರಾತ್ರಿ ಅಷ್ಟು ದೂರದಿಂದ ವಾಪಸ್ ಬರಬೇಕು. ಅಲ್ಲೇ ಒಂದು ಕಾಟೇಜ್ ಹಿಡಿದು ಉಳಿಯುವುದಾದರೆ ಮಾತ್ರ ಹೋಗಿ.

ಅಪ್ಪ-ಅಮ್ಮನಿಗೆ ಏನು ತೋರಿಸಬೇಕು ಅನ್ನುವುದನ್ನೂ ಮೊದಲೇ ಯೋಚಿಸಿ. ಮೊದಲು ಧ್ರುವ ನಕ್ಷತ್ರ. ಧಾರವಾಡದಲ್ಲಿ ಅದು ದಿಗಂತದಿಂದ ಹದಿನೈದು ಡಿಗ್ರಿ ಮೇಲೆ, ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಎತ್ತರ. ಇಲ್ಲಿ ಆರೂವರೆ ಮುಷ್ಟಿ. ಒಮ್ಮೆ ಅಳೆದು ತೋರಿಸಿದರೆ ಎಷ್ಟು ದೂರ ಬಂದಿದ್ದೇವೆ ಅನ್ನುವುದು ವಿಮಾನದ ಮ್ಯಾಪಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ವಾಯವ್ಯದಲ್ಲಿ ಸಪ್ತರ್ಷಿ ಮಂಡಲ. ಇಲ್ಲಿ ಅದು ಮುಳುಗುವುದೇ ಇಲ್ಲ. ಬಾಲದ ನಡುವಿನ ವಸಿಷ್ಠ, ಪಕ್ಕದಲ್ಲಿ ಚಿಕ್ಕದಾಗಿ ಅರುಂಧತಿ. ಮದುವೆಯ ದಿನ ಪುರೋಹಿತರು ಮಟಮಟ ಮಧ್ಯಾಹ್ನ ಆಕಾಶಕ್ಕೆ ಬೆರಳು ತೋರಿಸಿ "ಕಾಣಿಸ್ತಾ?" ಅಂದಿರುತ್ತಾರೆ, ಇವರೂ "ಹೂಂ" ಅಂದಿರುತ್ತಾರೆ. ಈಗ ನಿಜವಾಗಿಯೂ ನೋಡಲಿ. ಕಣ್ಣಿಗೆ ಬೇರೆ ಬೇರೆ ಕಾಣದಿದ್ದರೆ ಬೈನಾಕ್ಯುಲರ್ ಕೊಡಿ.

ನೆತ್ತಿಯ ಮೇಲೆ ರಾಜಹಂಸ (ಸಿಗ್ನಸ್) ನಕ್ಷತ್ರಪುಂಜ, ಅದರೊಳಗಿಂದ ಹಾದು ಹೋಗುವ ಕ್ಷೀರಪಥ. ಈಶಾನ್ಯದಲ್ಲಿ ಡಬ್ಲ್ಯೂ ಆಕಾರದ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜ. ಪೂರ್ವಕ್ಕೆ ಅರ್ಧ ಆಕಾಶದಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿ. ಅದು 25 ಲಕ್ಷ ಜ್ಯೋತಿರ್ವರ್ಷ ದೂರ, ಆದರೂ ಬರಿಗಣ್ಣಿಗೆ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಅಪ್ಪ ವೃಶ್ಚಿಕ ರಾಶಿ ಎಲ್ಲಿ ಅಂತ ಕೇಳಿದರೆ ಹುಡುಕಾಡಬೇಡಿ. ಅದರ ಕೆಂಪು ಜ್ಯೇಷ್ಠಾ ನಕ್ಷತ್ರ ಔಲುನಲ್ಲಿ ಹುಟ್ಟುವುದೇ ಇಲ್ಲ. ಅಗಸ್ತ್ಯ ನಕ್ಷತ್ರದ ಮಾತಂತೂ ದೂರವೇ ಉಳಿಯಿತು.

ಟೆಲಿಸ್ಕೋಪ್ ಕೊಳ್ಳಬೇಡಿ. ಕತ್ತಲಲ್ಲಿ ಅದನ್ನು ಜೋಡಿಸುವ ಹೊತ್ತಿಗೆ ಅಮ್ಮ ಕಾರಿನೊಳಗೆ ಹೋಗಿ ಕೂತಿರುತ್ತಾರೆ. 7x50 ಅಥವಾ 10x50 ಬೈನಾಕ್ಯುಲರ್ ಸಾಕು. ಒರಗಿ ಕೂರುವ ಮಡಚುವ ಕುರ್ಚಿ ಮಾತ್ರ ತಪ್ಪದೇ ಒಯ್ಯಿರಿ. ಕತ್ತು ಎತ್ತಿ ನಿಂತರೆ ಹತ್ತು ನಿಮಿಷಕ್ಕೆ ನೋವು ಶುರು. ಕಾಲಿಗೆ ಉಣ್ಣೆ ಕಾಲುಚೀಲ, ಫ್ಲಾಸ್ಕಿನಲ್ಲಿ ಚಹಾ, ಕೆಂಪು ಬೆಳಕಿನ ಟಾರ್ಚ್. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಯಾರೋ ವಾಟ್ಸಾಪ್ ತೆಗೆದರೆ ಮತ್ತೆ ಮೊದಲಿಂದ. ಬೈನಾಕ್ಯುಲರ್ ಕಣ್ಣಿಗೆ ಹಿಡಿದಾಗ ಉಸಿರು ಮೂಗಿನಿಂದ ಕೆಳಕ್ಕೆ ಬಿಡಲು ಹೇಳಿ, ಇಲ್ಲದಿದ್ದರೆ ಗಾಜು ಮಂಜಾಗಿ "ಏನೂ ಕಾಣ್ತಿಲ್ಲ" ಅಂತ ವಾಪಸ್ ಕೊಡುತ್ತಾರೆ.

ಅರೋರಾ ಬಗ್ಗೆ ಆಸೆ ಹುಟ್ಟಿಸಬೇಡಿ, ಬಂದರೆ ಬೋನಸ್. ಲ್ಯಾಪ್ಲೆಂಡಿನಷ್ಟು ಸಲ ಇಲ್ಲಿ ಕಾಣುವುದಿಲ್ಲ, ಆದರೂ ಸೆಪ್ಟೆಂಬರ್ ಒಳ್ಳೆಯ ತಿಂಗಳೇ. ಅದಕ್ಕೆಂದೇ ಹೊರಡುವ ರಾತ್ರಿ ಕೀಮಿಂಕಿ ಹತ್ತಿರದ ಕೊಯ್ಟೆಲಿಗೆ ಹೋಗಿ. ಶುರುವಿನಲ್ಲಿ ಅದು ಬೂದು ಬಣ್ಣದ ತೆಳು ಮೋಡದ ಪಟ್ಟಿ ಅಷ್ಟೇ. ಅನುಮಾನ ಬಂದರೆ ಫೋನ್ ನೈಟ್ ಮೋಡಿನಲ್ಲಿ ಒಂದು ಫೋಟೋ ತೆಗೆಯಿರಿ, ಹಸಿರು ಬಂದರೆ ಅರೋರಾನೇ.

ಟಿಕೆಟ್ ಆಗಲೇ ಆಗಿಬಿಟ್ಟಿದ್ದರೆ? ಜೂನ್‌ನಲ್ಲಿ ನಲ್ಲಿಕಾರಿಗೆ ಹೋಗಿ ನಡುರಾತ್ರಿಯ ಸೂರ್ಯಾಸ್ತ ನೋಡಿ, ಧಾರವಾಡದವರಿಗೆ ಅದೂ ಕಮ್ಮಿ ಸೋಜಿಗ ಅಲ್ಲ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುರಾತ್ರಿಯಲ್ಲಿ ಉತ್ತರದ ಕೆಳ ಆಕಾಶದ ಮೇಲೆ ಕಣ್ಣಿಡಿ. ಕೆಲವು ರಾತ್ರಿ ಬೆಳ್ಳಿ-ನೀಲಿ ಬಣ್ಣದ, ಅಲೆ ಅಲೆಯಾದ ಮೋಡ ಹೊಳೆಯುತ್ತದೆ. ಅದು 80 ಕಿಲೋಮೀಟರಿಗಿಂತ ಎತ್ತರದಲ್ಲಿರುವ ಮಂಜುಗಡ್ಡೆಯ ಹರಳು. ಸೂರ್ಯ ನಮಗೆ ಮುಳುಗಿದ್ದರೂ ಅಷ್ಟು ಎತ್ತರಕ್ಕೆ ಬಿಸಿಲು ತಾಗುತ್ತಿರುತ್ತದೆ. ನಮ್ಮೂರ ಕಡೆಯಿಂದ ಇದನ್ನು ನೋಡಲು ಆಗುವುದಿಲ್ಲ. ಅವತ್ತು ಬೇರೆ ಯಾರಿಗಾದರೂ ಕಂಡಿದೆಯಾ ಅಂತ ತಿಳಿಯಲು ಉರ್ಸಾ ಖಗೋಳ ಸಂಘದವರ ತೈವಾನ್‌ವಹ್ತಿ (Taivaanvahti) ಪುಟ ನೋಡಿ, ಜನ ಅಲ್ಲಿ ಫೋಟೋ ಹಾಕುತ್ತಿರುತ್ತಾರೆ.

ಹಾಂ, ವಾಪಸ್ ಬರುವಾಗ ಕಾರು ನಿಧಾನ ಓಡಿಸಿ. ಶರತ್ಕಾಲದ ರಾತ್ರಿ ಮೂಸ್ (ಜಿಂಕೆ ಜಾತಿಯ ಭಾರಿ ಪ್ರಾಣಿ) ರಸ್ತೆಗೆ ಬರುವುದು ಜಾಸ್ತಿ, ಅದರ ಕಪ್ಪು ಮೈ ಹೆಡ್‌ಲೈಟಿಗೆ ತಡವಾಗಿ ಕಾಣುತ್ತದೆ.